ಹೋರ್ಟಾದ ದಕ್ಕೆ: ಸಾಗರ ದಾಟಿ ಬಂದ ದೋಣಿ ತಿಳಿದಿರಬೇಕಾದದ್ದು

ನಡುಸಮುದ್ರದಲ್ಲಿ ಹಾಯಿದೋಣಿಗೆ ಡಿಕ್ಕಿ ಹೊಡೆಯಲು ಹೆಚ್ಚೇನೂ ಇರುವುದಿಲ್ಲ. ಕೆಳಗೆ ಆಳ, ಸುತ್ತ ಬಯಲು. ಗಾಳಿ ಜೋರಾದರೆ ಹಾಯಿ ತಗ್ಗಿಸಿ ಕಾಯಬಹುದು. ಕಷ್ಟ ಶುರುವಾಗುವುದು ನೆಲ ಕಂಡ ಮೇಲೆ. ಬಂಡೆ, ಅಲೆತಡೆ ಗೋಡೆ, ಮೀನುಗಾರರ ಬಲೆ, ಲಂಗರು ಹಾಕಿ ನಿಂತ ಬೇರೆ ದೋಣಿಗಳು, ಗುರುತಿಲ್ಲದ ದೀಪಗಳು, ಗೊತ್ತಿಲ್ಲದ ಕಾನೂನು ಎಲ್ಲವೂ ಕೊನೆಯ ಒಂದೆರಡು ಮೈಲಿಯಲ್ಲಿ ಒಟ್ಟಿಗೇ ಎದುರಾಗುತ್ತವೆ. ಅವನ್ನು ಎದುರಿಸಬೇಕಾದವರು ಎರಡು ಮೂರು ವಾರ ಸರದಿಯಲ್ಲಿ ಅರೆನಿದ್ದೆ ಮಾಡಿದ ಇಬ್ಬರೋ ಮೂವರೋ. ಯಾವ ರೇಡಿಯೊ ಚಾನೆಲ್‌ನಲ್ಲಿ ಕರೆಯಬೇಕು, ಮೊದಲು ಎಲ್ಲಿ ಕಟ್ಟಬೇಕು, ಯಾವ ಕಾಗದ ಯಾರಿಗೆ ತೋರಿಸಬೇಕು ಎಂದು ವಿಹಾರದೋಣಿಗಳು ತಂಗುವ ಒಂದು ಮರೀನಾ ಬರೆದಿಡುವ ಒಣ ಮಾಹಿತಿ ಅಂಥವರ ಪಾಲಿಗೆ ಜೀವರಕ್ಷಕ. ಅದು ಬಂದರಿನ ಆತಿಥ್ಯದ ಮೊದಲ ಅಂಗ ಎಂದೇ ನಾನು ತಿಳಿದಿದ್ದೇನೆ.

ಈ ಮಾತಿಗೆ ಹೋರ್ಟಾಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಸಮೂಹದಲ್ಲಿ ಫಯಾಲ್ ಎಂಬ ಪುಟ್ಟ ದ್ವೀಪವಿದೆ. ಅದರ ಪೂರ್ವ ಅಂಚಿನ ಊರು ಹೋರ್ಟಾ. ಪಶ್ಚಿಮಕ್ಕೆ ಅಮೆರಿಕ, ಪೂರ್ವಕ್ಕೆ ಯುರೋಪ್, ನಡುವೆ ಅಟ್ಲಾಂಟಿಕ್‌ನಲ್ಲಿ ಈ ಒಂಬತ್ತು ದ್ವೀಪಗಳು. ಯುರೋಪಿನ ಹಾಯಿದೋಣಿಗಳು ಚಳಿಗಾಲಕ್ಕೆ ಮುನ್ನ ವ್ಯಾಪಾರಿ ಮಾರುತ ಹಿಡಿದು ಕೆರಿಬಿಯನ್‌ಗೆ ಹೋಗುತ್ತವೆ. ಬಂದ ದಾರಿಯಲ್ಲೇ ಹಿಂದಿರುಗಲು ಅದೇ ಗಾಳಿ ಬಿಡುವುದಿಲ್ಲ. ಆದ್ದರಿಂದ ಉತ್ತರಕ್ಕೆ ಏರಿ, ಪಶ್ಚಿಮದಿಂದ ಬೀಸುವ ಗಾಳಿಯನ್ನು ಹುಡುಕಿಕೊಂಡು ಸುತ್ತಿ ಬರಬೇಕು. ಆ ಸುತ್ತುದಾರಿಯಲ್ಲಿ ಸಿಗುವ ತಂಗುದಾಣ ಹೋರ್ಟಾ. ಆಂಟಿಗುವಾದಿಂದ ಸುಮಾರು 2,200 ನಾಟಿಕಲ್ ಮೈಲಿ, ಬರ್ಮುಡಾದಿಂದ 1,800. ಗಂಟೆಗೆ ಐದಾರು ಮೈಲಿ ಹೋಗುವ ಸಾಧಾರಣ ದೋಣಿಗೆ ಆಂಟಿಗುವಾದಿಂದ ಹದಿನೇಳು ಹದಿನೆಂಟು ದಿನದ ಹಾದಿ. ಅಜೋರ್ಸ್ ಸುತ್ತ ನೆಲೆಸುವ ಅಧಿಕ ಒತ್ತಡದ ವಲಯ ಗಾಳಿಯನ್ನೇ ನುಂಗಿಬಿಟ್ಟರೆ ಇನ್ನೂ ಹೆಚ್ಚು.

ಬರುವವರಿಗೆ ಮೊದಲು ಕಾಣುವುದು ಫಯಾಲ್ ಅಲ್ಲ, ಎದುರಿನ ಪಿಕೊ. ಸಮುದ್ರದಿಂದ ನೇರ ಎದ್ದು ನಿಂತ 2,351 ಮೀಟರ್‌ನ ಜ್ವಾಲಾಮುಖಿ ಪರ್ವತ, ಪೋರ್ಚುಗಲ್ ದೇಶದಲ್ಲೇ ಅತಿ ಎತ್ತರದ್ದು. ಮೋಡವಿಲ್ಲದ ದಿನ ಐವತ್ತು ಮೈಲಿಗೂ ಮೊದಲೇ ಅದರ ತುದಿ ಕಾಣುತ್ತದೆ. ಎರಡು ದ್ವೀಪಗಳ ನಡುವಿನ ಕಾಲುವೆ ಎಂಟು ಕಿಲೊಮೀಟರ್‌ನಷ್ಟೇ ಅಗಲ. ಬೆಟ್ಟಗಳ ನಡುವೆ ನುಗ್ಗುವ ಗಾಳಿ ಅಲ್ಲಿ ಇದ್ದಕ್ಕಿದ್ದಂತೆ ಬಲವಾಗುತ್ತದೆ. ತೆರೆದ ಸಮುದ್ರದಲ್ಲಿ ಪೂರ್ತಿ ಹಾಯಿ ಬಿಟ್ಟುಕೊಂಡು ಬಂದವರು ಕಾಲುವೆಯ ಬಾಯಿಗೆ ಬರುವ ಮೊದಲೇ ಅದನ್ನು ತಗ್ಗಿಸಿಕೊಳ್ಳುವುದು ಒಳ್ಳೆಯದು.

ರಾತ್ರಿ ತಲುಪಿದರೆ? ದೋಣಿ ನಡೆಸುವ ಅನುಭವಿ ಸ್ಕಿಪ್ಪರ್‌ಗಳ ಸಲಹೆ ಒಂದೇ: ಗೊತ್ತಿಲ್ಲದ ಬಂದರಿಗೆ ಕತ್ತಲಲ್ಲಿ ನುಗ್ಗಬೇಡಿ, ಹೊರಗೆ ಕಾದು ಬೆಳಕಾದ ಮೇಲೆ ಬನ್ನಿ. ಕೇಳಲು ಸುಲಭ. ಹದಿನೆಂಟು ದಿನದ ಬಳಿಕ ಊರಿನ ದೀಪ ಕಣ್ಣೆದುರೇ ಮಿನುಗುವಾಗ ಇನ್ನೊಂದು ರಾತ್ರಿ ಅಲೆಯ ಮೇಲೆ ಕಳೆಯಲು ದೊಡ್ಡ ಮನಸ್ಸಂಕಲ್ಪ ಬೇಕು. ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗ ಜೋಶುವಾ ಸ್ಲೋಕಮ್ 1895ರ ಜುಲೈನಲ್ಲಿ ತನ್ನ ‘ಸ್ಪ್ರೇ’ ದೋಣಿಯಲ್ಲಿ ಇದೇ ಹೋರ್ಟಾಕ್ಕೆ ಬಂದಿದ್ದ. ದೋಣಿಗೆ ಅಪಾಯವಾದೀತೆಂದು ಯುವ ನೌಕಾ ಅಧಿಕಾರಿಯೊಬ್ಬ ತಾನೇ ಮುಂದಾಗಿ ಚುಕ್ಕಾಣಿ ಹಿಡಿದ. ಆಮೇಲೆ ದೋಣಿ ಬಂದರಿನಲ್ಲಿದ್ದ ಒಂದೊಂದಕ್ಕೂ ತಗುಲಿ, ಸರಕುದೋಣಿಯೊಂದನ್ನು ಮುಳುಗಿಸಿ, ಕೊನೆಗೂ ನೆಲೆ ಕಂಡಿತೆಂದು ಸ್ಲೋಕಮ್ ಬರೆದಿದ್ದಾನೆ. ಸಾಗರವನ್ನು ಒಬ್ಬನೇ ಸುರಕ್ಷಿತವಾಗಿ ದಾಟಿದವನಿಗೆ ಗಲಿಬಿಲಿ ಕಾದಿದ್ದದ್ದು ಬಂದರಿನೊಳಗೆ.

ಕೆರಿಬಿಯನ್ ಅಥವಾ ಅಮೆರಿಕದಿಂದ ಬರುವವರು ಮರೆಯಲೇಬಾರದ ಸಂಗತಿ ಇನ್ನೊಂದಿದೆ. ಬಂದರಿನ ದಾರಿ ತೋರಿಸುವ ಬೋಯಾ ಮತ್ತು ದೀಪಗಳ ಬಣ್ಣ ಜಗತ್ತಿನಲ್ಲೆಲ್ಲ ಒಂದೇ ಅಲ್ಲ. ಯುರೋಪ್, ಆಫ್ರಿಕಾ, ಆಸ್ಟ್ರೇಲಿಯಾ, ಭಾರತ ಸೇರಿದ ‘ಎ’ ವಲಯದಲ್ಲಿ ಸಮುದ್ರದಿಂದ ಬಂದರಿನೊಳಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ ಇರಬೇಕು. ಎರಡೂ ಅಮೆರಿಕ ಖಂಡಗಳು, ಕೆರಿಬಿಯನ್, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್ ಇರುವ ‘ಬಿ’ ವಲಯದಲ್ಲಿ ಇದು ತಿರುವುಮುರುವು. ಆಂಟಿಗುವಾದಲ್ಲಿ ಕೆಂಪನ್ನು ಬಲಕ್ಕಿಟ್ಟು ಬಂದರು ಸೇರುತ್ತಿದ್ದ ದೋಣಿ ಹೋರ್ಟಾದಲ್ಲಿ ಅದನ್ನೇ ಎಡಕ್ಕಿಡಬೇಕು. ಗಡಿ ದಾಟಿದಿರಿ ಎಂದು ಹೇಳಲು ನಡುಸಮುದ್ರದಲ್ಲಿ ಫಲಕವಿಲ್ಲ. ತಿಂಗಳುಗಟ್ಟಲೆ ಕೆರಿಬಿಯನ್‌ನಲ್ಲಿದ್ದವರ ಕಣ್ಣಿಗೂ ಕೈಗೂ ಹಳೆಯ ರೂಢಿಯೇ ಅಂಟಿರುತ್ತದೆ. ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್‌ನಲ್ಲಿ ಕಣ್ಣಿಗೆ ಬೀಳುವಂತೆ ‘ಎಡಕ್ಕೆ ಕೆಂಪು’ ಎಂದು ಚೀಟಿ ಅಂಟಿಸಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಹೀಗೆ ಎರಡೇ ವಲಯಗಳಾಗಿ ಉಳಿದದ್ದೂ ಒಂದು ಸಾಧನೆಯೇ. 1970ರ ದಶಕದಲ್ಲಿ ಜಗತ್ತಿನಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಬೋಯಾ ಪದ್ಧತಿಗಳಿದ್ದವು. 1971ರ ಜನವರಿಯಲ್ಲಿ ಇಂಗ್ಲಿಷ್ ಕಾಲುವೆಯ ಡೋವರ್ ಬಳಿ ‘ಟೆಕ್ಸಾಕೊ ಕೆರಿಬಿಯನ್’ ಎಂಬ ತೈಲ ಹಡಗು ಇನ್ನೊಂದು ಹಡಗಿಗೆ ಬಡಿದು ಸ್ಫೋಟಗೊಂಡು ಮುಳುಗಿತು. ಮರುದಿನ ‘ಬ್ರಾಂಡೆನ್‌ಬರ್ಗ್’ ಎಂಬ ಹಡಗು ಆ ಅವಶೇಷಕ್ಕೆ ತಗುಲಿ ಮುಳುಗಿತು. ಕೆಲವು ವಾರಗಳ ಬಳಿಕ, ಅಪಾಯದ ಗುರುತುಗಳನ್ನು ಇಟ್ಟಿದ್ದರೂ, ‘ನಿಕಿ’ ಎಂಬ ಮೂರನೆಯದು ಅಲ್ಲೇ ಮುಳುಗಿತು. ಸತ್ತವರು ಒಟ್ಟು 51 ಮಂದಿ. ಆ ದುರಂತದ ಒತ್ತಡದಿಂದ ಶುರುವಾದ ಮಾತುಕತೆ 1980ರಲ್ಲಿ ಈಗಿನ ಒಪ್ಪಂದಕ್ಕೆ ಬಂತು. ಹೋರ್ಟಾದ ಗೋಡೆಯ ತುದಿಯಲ್ಲಿ ಮಿನುಗುವ ಕೆಂಪು ದೀಪದ ಹಿಂದೆ ಇಷ್ಟು ಕಥೆಯಿದೆ.

ಗೋಡೆ ದಾಟುವ ಮೊದಲೇ ವಿಎಚ್‌ಎಫ್ ರೇಡಿಯೊದಲ್ಲಿ ಮರೀನಾವನ್ನು ಕರೆಯಬೇಕು. ದೋಣಿಯ ಹೆಸರು, ಯಾವ ದೇಶದ ನೋಂದಣಿ, ಉದ್ದ, ಅಗಲ, ನೀರಿನೊಳಗೆ ಎಷ್ಟು ಆಳ ಇಳಿಯುತ್ತದೆ, ಎಲ್ಲಿಂದ ಬಂದದ್ದು, ಎಷ್ಟು ಜನ ಎಂಬಿಷ್ಟನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡರೆ ದಣಿದ ನಾಲಗೆ ತಡವರಿಸುವುದಿಲ್ಲ. ಉದ್ದ ಅಗಲ ಕೇಳುವುದು ಜಾಗ ಹುಡುಕಲು, ಬಾಡಿಗೆ ಲೆಕ್ಕ ಹಾಕಲು. ಎರಡು ಒಡಲಿನ ಕ್ಯಾಟಮರಾನ್ ಹೆಚ್ಚು ಜಾಗ ತಿನ್ನುವುದರಿಂದ ಬಹುತೇಕ ಮರೀನಾಗಳಲ್ಲಿ ಅದಕ್ಕೆ ಹೆಚ್ಚಿನ ದರ. ಹೋರ್ಟಾದಲ್ಲಿ ಹೊಸದಾಗಿ ಬಂದವರು ನೇರವಾಗಿ ಖಾಲಿ ಜಾಗ ಹುಡುಕಿಕೊಂಡು ಹೋಗುವಂತಿಲ್ಲ. ಕಚೇರಿಯ ಕೆಳಗೆ, ಇಂಧನ ತುಂಬಿಸುವ ಕಡೆ, ಸ್ವಾಗತದ ದಕ್ಕೆ ಇದೆ. ಮೊದಲು ಅಲ್ಲಿ ಕಟ್ಟಬೇಕು. ಯಾವ ಬದಿ ದಕ್ಕೆಗೆ ತಾಗುತ್ತದೋ ಹೇಳಲಾಗದು, ಆದ್ದರಿಂದ ಎರಡೂ ಬದಿಗೆ ಉಜ್ಜಾಟ ತಡೆಯುವ ಫೆಂಡರ್ ಇಳಿಬಿಟ್ಟು, ಮುಂದಿನ ಹಿಂದಿನ ಹಗ್ಗಗಳನ್ನು ಬಿಡಿಸಿ ಕೈಗೆ ಸಿಗುವಂತೆ ಇಟ್ಟಿರಬೇಕು. ವಾರಗಳಿಂದ ಮುಟ್ಟದ ಎಂಜಿನ್ ಅನ್ನು ಬಂದರಿನ ಬಾಯಲ್ಲಿ ಮೊದಲ ಸಲ ಚಾಲೂ ಮಾಡುವುದು ದೊಡ್ಡ ತಪ್ಪು. ಹೊರಗೇ, ಜಾಗ ಇರುವಲ್ಲಿ, ಮುಂದಕ್ಕೆ ಹಿಂದಕ್ಕೆ ಎರಡೂ ಗೇರ್ ಹಾಕಿ ನೋಡಿಕೊಂಡೇ ಒಳಗೆ ಬರಬೇಕು.

1986ರಲ್ಲಿ ಆರಂಭವಾದ ಮರೀನಾದಲ್ಲಿ ಇರುವುದು ಸುಮಾರು 300 ದೋಣಿಗಳ ಜಾಗ. ವರ್ಷಕ್ಕೆ ಬರುವ ಹಾಯಿದೋಣಿಗಳು ಸಾವಿರಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ಮೇ ತಿಂಗಳಿಂದ ಜುಲೈ ಒಳಗೆ. ಹಾಗಾಗಿ ಆ ದಿನಗಳಲ್ಲಿ ಗೋಡೆಯ ಪಕ್ಕ ಒಂದಕ್ಕೊಂದು ಆತು ನಾಲ್ಕೈದು ಸಾಲು ದೋಣಿಗಳು ನಿಲ್ಲುವುದುಂಟು. ಮೀನುಗಾರಿಕೆಗೆ ರಜೆಯಿರುವ ಮಳೆಗಾಲದಲ್ಲಿ ಮಲ್ಪೆ ಬಂದರು ನೋಡಿದವರಿಗೆ ಈ ನೋಟ ಹೊಸದಲ್ಲ. ಹೀಗೆ ನಿಲ್ಲುವುದಕ್ಕೆ ರೀತಿನೀತಿಗಳಿವೆ. ಪಕ್ಕದ ದೋಣಿಗೆ ಕಟ್ಟಿದರಷ್ಟೇ ಸಾಲದು, ನಿಮ್ಮದೇ ಹಗ್ಗ ದಕ್ಕೆಯವರೆಗೂ ಹೋಗಬೇಕು. ಇಲ್ಲದಿದ್ದರೆ ಒಳಗಿನ ದೋಣಿಯ ಕೊಂಡಿಗಳ ಮೇಲೆ ಎಲ್ಲರ ಭಾರ ಬೀಳುತ್ತದೆ. ಅಲೆಗೆ ಓಲಾಡುವಾಗ ಕೂವೆಮರಗಳು ಒಂದಕ್ಕೊಂದು ತಾಗದಂತೆ ದೋಣಿಗಳನ್ನು ತುಸು ಹಿಂದು ಮುಂದು ನಿಲ್ಲಿಸಬೇಕು. ನೆಲಕ್ಕಿಳಿಯಲು ಬೇರೆಯವರ ದೋಣಿ ದಾಟುವಾಗ ಮೂತಿಯ ಕಡೆಯಿಂದ ಹೋಗಬೇಕು, ಕಾಕ್‌ಪಿಟ್ ಮೂಲಕ ಅಲ್ಲ. ಕಾಕ್‌ಪಿಟ್ ಅವರ ಮನೆಯ ಪಡಸಾಲೆ. ನಡುರಾತ್ರಿ ದಾಟುವವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ.

ಇನ್ನು ಕಾಗದಪತ್ರ. ಯುರೋಪ್ ಒಕ್ಕೂಟದ ಹೊರಗಿನಿಂದ ಬಂದ ದೋಣಿ ಬಲಬದಿಯ ಹಗ್ಗಕ್ಕೆ ಹಳದಿ ಬಾವುಟ ಏರಿಸಿರಬೇಕು. ಅಂತರರಾಷ್ಟ್ರೀಯ ಸಂಕೇತಾವಳಿಯಲ್ಲಿ ಅದು ‘ಕ್ಯೂ’ ಬಾವುಟ. ನಮ್ಮ ದೋಣಿಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಬಂದರಿನೊಡನೆ ಬೆರೆಯಲು ಅನುಮತಿ ಕೊಡಿ ಎಂಬ ಕೋರಿಕೆ ಅದರದ್ದು. ಅನುಮತಿ ಸಿಗುವವರೆಗೆ ಕಾಗದ ಹಿಡಿದ ಸ್ಕಿಪ್ಪರ್ ಹೊರತು ಬೇರೆಯವರು ಇಳಿಯುವಂತಿಲ್ಲ. 1377ರಲ್ಲಿ ಏಡ್ರಿಯಾಟಿಕ್ ತೀರದ ರಗೂಸಾ, ಅಂದರೆ ಇಂದಿನ ಡುಬ್ರೊವ್ನಿಕ್, ಪ್ಲೇಗ್ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೇ ಇರಿಸುವ ಕಾನೂನು ಮಾಡಿತ್ತು. ಈಗಿನ ಬಾವುಟ ಅದೇ ಮನೆತನದ್ದು. ತಪಾಸಣೆ ಮುಗಿದ ಮೇಲೆ ಹಳದಿಯನ್ನು ಇಳಿಸಿ ಆ ಜಾಗಕ್ಕೆ ಪೋರ್ಚುಗಲ್ ಬಾವುಟ ಏರಿಸುತ್ತಾರೆ. ಅದರ ಕೆಳಗೆ ಗಿಡುಗ ಮತ್ತು ಒಂಬತ್ತು ನಕ್ಷತ್ರಗಳ ಅಜೋರ್ಸ್ ಬಾವುಟವನ್ನೂ ಕಟ್ಟಿದರೆ ಊರವರಿಗೆ ಸಂತೋಷ.

ಬೇಕಾದ ಕಾಗದಗಳು ಇವಿಷ್ಟು: ದೋಣಿಯ ನೋಂದಣಿ ಪತ್ರ, ಎಲ್ಲರ ಪಾಸ್‌ಪೋರ್ಟ್, ಸಿಬ್ಬಂದಿ ಪಟ್ಟಿ, ಹಿಂದಿನ ಬಂದರು ಕೊಟ್ಟ ನಿರ್ಗಮನ ಪತ್ರ, ಮೂರನೆಯವರ ಹಾನಿಗೆ ವಿಮೆ. ದೋಣಿ ಸ್ಕಿಪ್ಪರ್ ಹೆಸರಿನಲ್ಲಿ ಇಲ್ಲದಿದ್ದರೆ ಮಾಲೀಕರ ಒಪ್ಪಿಗೆ ಪತ್ರ. ಸಿಬ್ಬಂದಿ ಪಟ್ಟಿಯ ನಾಲ್ಕಾರು ಪ್ರತಿಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಬೇಕು, ಏಕೆಂದರೆ ಪ್ರತಿ ಮೇಜಿನಲ್ಲೂ ಒಂದು ಕೇಳುತ್ತಾರೆ. ಕಾಗದದ ಮಹತ್ವಕ್ಕೆ ಇದೇ ದ್ವೀಪಸಮೂಹದಲ್ಲಿ ಹಳೆಯ ಸಾಕ್ಷಿಯಿದೆ. 1493ರ ಫೆಬ್ರುವರಿಯಲ್ಲಿ ಕೊಲಂಬಸ್ ತನ್ನ ಮೊದಲ ಯಾನದಿಂದ ಹಿಂದಿರುಗುವಾಗ ಬಿರುಗಾಳಿಗೆ ಸಿಕ್ಕು ಅಜೋರ್ಸ್‌ನ ಸಾಂಟಾ ಮರಿಯಾ ದ್ವೀಪದಲ್ಲಿ ಲಂಗರು ಹಾಕಿದ. ಹರಕೆ ತೀರಿಸಲು ಪ್ರಾರ್ಥನಾ ಮಂದಿರಕ್ಕೆ ಹೋದ ಅರ್ಧದಷ್ಟು ನಾವಿಕರನ್ನು ಪೋರ್ಚುಗೀಸರು ಹಿಡಿದು ಹಾಕಿದರು. ಪಾದ್ರಿಗಳೂ ನೋಟರಿಯೂ ಹಡಗಿಗೆ ಬಂದು, ಸ್ಪೇನಿನ ರಾಜದಂಪತಿ ಕೊಟ್ಟ ಪತ್ರಗಳನ್ನು ಓದಿ ತೃಪ್ತರಾದ ಮೇಲಷ್ಟೇ ಅವರಿಗೆ ಬಿಡುಗಡೆ.

ಇಂದಿನ ನಿಯಮದಲ್ಲಿ ಮನುಷ್ಯನ ಲೆಕ್ಕ ಬೇರೆ, ದೋಣಿಯ ಲೆಕ್ಕ ಬೇರೆ. ಅಜೋರ್ಸ್, ಯುರೋಪಿನ ದೇಶಗಳು ಒಂದೇ ಹೊರಗಡಿ ಹಂಚಿಕೊಂಡಿರುವ ಷೆಂಗೆನ್ ಪ್ರದೇಶದ ಭಾಗ. ಹೊರದೇಶದವರು 180 ದಿನಗಳಲ್ಲಿ ಒಟ್ಟು 90 ದಿನ ಇರಬಹುದು. 2025ರ ಅಕ್ಟೋಬರ್‌ನಿಂದ ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿರುವುದರಿಂದ ದಿನಗಳ ಎಣಿಕೆ ಈಗ ಕಂಪ್ಯೂಟರಿನದ್ದು. ಒಕ್ಕೂಟದ ಹೊರಗಿನವರ ದೋಣಿ ಮಾತ್ರ ತೆರಿಗೆ ಕಟ್ಟದೆ 18 ತಿಂಗಳು ಇರಬಹುದು. ಹೀಗಾಗಿ ದೋಣಿಯನ್ನು ಬಿಟ್ಟು ಮಾಲೀಕ ಊರಿಗೆ ಹೋಗಿ ಬರುವುದು ಸಾಮಾನ್ಯ. ಯುರೋಪಿನವರ ದೋಣಿಯಾದರೆ ವ್ಯಾಟ್ ಕಟ್ಟಿದ ರಸೀದಿ ಜೊತೆಗಿರಲಿ.

ಭಾರತದ ಪಾಸ್‌ಪೋರ್ಟ್ ಇರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ವಿದೇಶದಲ್ಲಿರುವ ನಮ್ಮ ಯುವಜನರು ಗೆಳೆಯರ ದೋಣಿಯಲ್ಲಿ ಸಿಬ್ಬಂದಿಯಾಗಿ ಹೊರಡುವುದುಂಟು. ಷೆಂಗೆನ್ ವೀಸಾ ಹೊರಡುವ ಮೊದಲೇ ಕೈಯಲ್ಲಿರಬೇಕು, ದಕ್ಕೆಯಲ್ಲಿ ಕೇಳಿ ಪಡೆಯುವ ಭರವಸೆ ಬೇಡ. ಬಂದರಿಗೆ ಬರುವ ದಿನ ಗಾಳಿಯ ಕೈಯಲ್ಲಿರುವುದರಿಂದ ವೀಸಾದ ಅವಧಿಯಲ್ಲಿ ಎರಡು ಮೂರು ವಾರ ಹಿಂದೆ ಮುಂದೆ ಬಿಟ್ಟು ಕೇಳಿಕೊಳ್ಳಬೇಕು. ಕರಾವಳಿಯಿಂದ ಸರಕು ಹಡಗುಗಳಲ್ಲಿ ದುಡಿಯುವ ಎಷ್ಟೋ ಮಂದಿಗೆ ನಾವಿಕರ ಸೇವೆ ದಾಖಲಿಸುವ ಸಿಡಿಸಿ ಪುಸ್ತಕ ಇರುತ್ತದೆ. ಖಾಸಗಿ ವಿಹಾರ ದೋಣಿಯಲ್ಲಿ ಬಂದಾಗ ಅದೊಂದೇ ಸಾಕೆಂದು ನಂಬಿ ಕೂರಬಾರದು.

ಮಾಹಿತಿ ಹಳತಾಗುವುದೂ ಒಂದು ಅಪಾಯ. ಹಳೆಯ ನೌಕಾಯಾನ ಕೈಪಿಡಿಗಳಲ್ಲಿ ಪೋರ್ಚುಗಲ್‌ನ ವಲಸೆ ತಪಾಸಣೆ ‘ಸೆಫ್’ ಎಂಬ ಇಲಾಖೆಯದ್ದು ಎಂದಿದೆ. 2023ರ ಅಕ್ಟೋಬರ್‌ನಲ್ಲಿ ಆ ಇಲಾಖೆಯನ್ನೇ ಮುಚ್ಚಿ ಸಮುದ್ರದ ಗಡಿಯ ಹೊಣೆಯನ್ನು ‘ಜಿಎನ್ಆರ್’ ಪಡೆಗೆ ಒಪ್ಪಿಸಲಾಯಿತು. ಪುಸ್ತಕ ಬದಲಾಗುವ ಮೊದಲೇ ಬಾಗಿಲು ಬದಲಾಗಿರುತ್ತದೆ. ಹೊರಡುವ ಬಂದರಿನಲ್ಲೇ ಹೊಸ ಮಾಹಿತಿ ಕೇಳಿ ತಿಳಿಯುವುದು ವಾಡಿಕೆಯಾಗಬೇಕು.

ಕಸ್ಟಮ್ಸ್‌ನವರು ಕೆಲವೊಮ್ಮೆ ದೋಣಿಯೊಳಗೆ ಇಣುಕಿ ನೋಡುತ್ತಾರೆ. ಅದಕ್ಕೆ ಕಾರಣವಿದೆ. ಅಟ್ಲಾಂಟಿಕ್ ದಾಟುವ ಹಾಯಿದೋಣಿಗಳನ್ನು ಕೊಕೇನ್ ಸಾಗಿಸಲು ಬಳಸುವವರಿದ್ದಾರೆ. 2001ರಲ್ಲಿ ಸಾವೊ ಮಿಗೆಲ್ ದ್ವೀಪದ ತೀರಕ್ಕೆ ಅಂಥ ದೋಣಿಯೊಂದರ ನೂರಾರು ಕಿಲೊ ಕೊಕೇನ್ ತೇಲಿಬಂದು ರಾಬೊ ದೆ ಪೈಶೆ ಎಂಬ ಬಡ ಮೀನುಗಾರರ ಊರು ನಲುಗಿಹೋಯಿತು. ಆ ನೆನಪು ಇನ್ನೂ ಹಸಿಯಾಗಿರುವಾಗ ಅಧಿಕಾರಿ ಬೆಂಚಿನ ಕೆಳಗಿನ ಪೆಟ್ಟಿಗೆ ತೆರೆಯಲು ಹೇಳಿದರೆ ಮುಖ ಸಿಂಡರಿಸುವುದು ಸರಿಯಲ್ಲ. ಒಕ್ಕೂಟದ ಹೊರಗಿನಿಂದ ತಂದ ಮಾಂಸ, ಹಾಲು, ಚೀಸ್ ಇಳಿಸುವಂತಿಲ್ಲ. ಔಷಧ, ಆಯುಧ, ಸಾಕುಪ್ರಾಣಿ ಇದ್ದರೆ ಕೇಳುವ ಮೊದಲೇ ಹೇಳಿಬಿಡುವುದು ಲೇಸು.

ಇದೇ ಬಗೆಯ ಆಗಮನದ ಶಾಸ್ತ್ರಗಳನ್ನು ನಮ್ಮ ದೋಣಿಗಳೂ ದೂರದ ಬಂದರುಗಳಲ್ಲಿ ಪೂರೈಸಿವೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರು ಹೊತ್ತು ಗೋವಾದಲ್ಲಿ ನಿರ್ಮಾಣವಾದ ನೌಕಾಪಡೆಯ ‘ಮ್ಹಾದೇಯಿ’ಯಲ್ಲಿ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮಾಡಿದರು, ಹಾಗೆ ಮಾಡಿದ ಮೊದಲ ಭಾರತೀಯ ಅವರು. ಅವರು ನಿಂತದ್ದು ಫ್ರೀಮ್ಯಾಂಟಲ್, ಲಿಟ್ಲ್‌ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್‌ಗಳಲ್ಲಿ. ಅಷ್ಟು ಕಠಿಣ ಸಮುದ್ರದಿಂದ ಒಂಟಿಯಾಗಿ ಬಂದವರಿಗೆ ದಕ್ಕೆಯಲ್ಲಿ ಹಗ್ಗ ಹಿಡಿಯಲು ಒಂದು ಕೈ ಚಾಚಿಕೊಂಡಿದ್ದರೆ ಅದರ ಬೆಲೆ ಹೇಳತೀರದು.

ಜಾಗ ಸಿಕ್ಕು ಕಟ್ಟಿದ ಮೇಲೆ ವಿದ್ಯುತ್ತು. ಯುರೋಪಿನಲ್ಲೂ ನಮ್ಮಲ್ಲಿರುವಂತೆ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ದೋಣಿಗಳದ್ದು 120 ವೋಲ್ಟ್, 60 ಹರ್ಟ್ಸ್. ಪ್ಲಗ್ ಹೇಗೋ ಹೊಂದಿಸಿ ಚುಚ್ಚಿದರೆ ಬ್ಯಾಟರಿ ಚಾರ್ಜರ್ ಸುಟ್ಟುಹೋದೀತು, ಅದರ ಮೇಲೆ ಬರೆದಿರುವ ವೋಲ್ಟೇಜ್ ಓದಿಯೇ ಮುಂದುವರಿಯಬೇಕು. ದಕ್ಕೆಯ ಮೇಲಿನ ನೀಲಿ ದುಂಡು ಸಾಕೆಟ್‌ಗೆ ಬೇಕಾದ ಪ್ಲಗ್, ನೀರಿನ ನಲ್ಲಿಗೆ ಬೇಕಾದ ಜೋಡಣೆ ಒಂದೆರಡು ಅಳತೆಯವು ಇರಲಿ. ಗ್ಯಾಸ್ ಸಿಲಿಂಡರ್‌ನದು ದೊಡ್ಡ ತಲೆನೋವು: ಅಮೆರಿಕದ ಸಿಲಿಂಡರಿಗೆ ಯುರೋಪಿನ ರೆಗ್ಯುಲೇಟರ್ ಕೂರುವುದಿಲ್ಲ, ತುಂಬಿಸಿಕೊಡುವವರು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಅಡುಗೆ ಅನಿಲ ಮುಗಿಯುವ ಹಂತದಲ್ಲಿ ಬಂದವರು ಕಚೇರಿಯಲ್ಲಿ ಮೊದಲ ದಿನವೇ ವಿಚಾರಿಸಬೇಕು.

ಕಸದ ಚೀಲಗಳೂ ಇಳಿಯುತ್ತವೆ. ಯಾವುದೇ ಸಮುದ್ರದಲ್ಲಿ ಪ್ಲಾಸ್ಟಿಕ್ ಎಸೆಯುವುದನ್ನು ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ, ದೊಡ್ಡ ಹಡಗಿಗೂ ಪುಟ್ಟ ದೋಣಿಗೂ ಒಂದೇ ನಿಯಮ. ತೊಳೆದು, ಮಡಚಿ, ವಾರಗಟ್ಟಲೆ ಜೋಪಾನ ಮಾಡಿ ತಂದ ಕಸಕ್ಕೆ ಒಂದು ತೊಟ್ಟಿ ತೋರಿಸುವುದೂ ಮರೀನಾದ ಕರ್ತವ್ಯ. ಶೌಚಾಲಯದ ತೊಟ್ಟಿಯನ್ನು ಬಂದರಿನೊಳಗೆ ಖಾಲಿ ಮಾಡುವಂತಿಲ್ಲ.

ಇಷ್ಟಾದ ಮೇಲೆ ಸ್ನಾನ. ಧಾರಾಳ ಸಿಹಿನೀರು, ಬಿಸಿನೀರು. ನೆಲದ ಮೇಲೆ ನಿಂತರೂ ಮೈ ತೂಗುತ್ತಿರುತ್ತದೆ; ಒಳಗಿವಿ ಅಲೆಗೆ ಒಗ್ಗಿದ್ದನ್ನು ಮರೆಯಲು ಒಂದೆರಡು ದಿನ ಬೇಕು. ಗಡಿಯಾರ ತಿದ್ದುವ ಗೋಜು ಮಾತ್ರ ಇಲ್ಲ: ಬೇಸಿಗೆಯಲ್ಲಿ ಅಜೋರ್ಸ್‌ನ ಸಮಯವೂ ದೋಣಿಯ ದಿನಚರಿ ಪುಸ್ತಕದ ಗ್ರೀನಿಚ್ ಸಮಯವೂ ಒಂದೇ.

ಸ್ನಾನ ಮುಗಿಸಿದವರು ಹೋಗುವುದು ಬಂದರಿನೆದುರಿನ ಪೀಟರ್ ಕೆಫೆ ಸ್ಪೋರ್ಟ್‌ಗೆ. 1918ರಲ್ಲಿ ಹೆನ್ರಿಕ್ ಅಜೆವೆಡೊ ತೆರೆದ ಅಂಗಡಿ. ಅವರ ಮಗ ಜೋಸೆಯನ್ನು ಕಂಡ ಬ್ರಿಟಿಷ್ ಹಡಗಿನ ಅಧಿಕಾರಿಯೊಬ್ಬರಿಗೆ ತನ್ನ ಮಗ ಪೀಟರ್‌ನ ನೆನಪಾಯಿತು; ಅವರು ಜೋಸೆಯನ್ನು ಹಾಗೇ ಕರೆದರು, ಆ ಹೆಸರೇ ನಿಂತಿತು. ಮೊಬೈಲ್ ಇಲ್ಲದ ಕಾಲದಲ್ಲಿ ದೋಣಿಯವರ ಕಾಗದಗಳು ಇಲ್ಲಿಗೆ ಬಂದು ಕಾಯುತ್ತಿದ್ದವು. ಹಣ ಬದಲಿಸುವುದು, ಹವಾಮಾನ ತಿಳಿಸುವುದು, ಮುರಿದ ಕೊಂಡಿಗೆ ಬೆಸುಗೆಗಾರನನ್ನು ಹುಡುಕುವುದು ಎಲ್ಲಕ್ಕೂ ಇದೇ ಜಾಗ. ತಿಮಿಂಗಿಲದ ಹಲ್ಲಿನ ಕೆತ್ತನೆಗಳ ಸಂಗ್ರಹ ಮಹಡಿಯಲ್ಲಿದೆ. ತಿಮಿಂಗಿಲ ಬೇಟೆಯ ಹಡಗುಗಳು, 1893ರಿಂದ 1969ರವರೆಗೆ ಸಮುದ್ರದಡಿಯ ತಂತಿ ಕಂಪನಿಗಳು, 1939ರಲ್ಲಿ ನೀರಿನ ಮೇಲಿಳಿಯುವ ಪ್ಯಾನ್ ಆಮ್ ವಿಮಾನಗಳು: ಈ ಊರು ತಲೆಮಾರುಗಳಿಂದ ಬಂದು ಹೋಗುವವರನ್ನು ನೋಡಿಕೊಂಡೇ ಬದುಕಿದೆ. ಇಲ್ಲಿನವರು ಕೊಡುವ ಮಾಹಿತಿಯಲ್ಲಿ ಆ ಅನುಭವ ಬೆರೆತಿದೆ.

ಹೋರ್ಟಾದ ಗೋಡೆ ನೆಲವೆಲ್ಲ ಚಿತ್ರಮಯ. ಬಂದ ಪ್ರತಿ ದೋಣಿಯೂ ತನ್ನ ಹೆಸರು, ವರ್ಷ, ಒಂದು ಚಿತ್ರ ಬರೆದು ಹೋಗಬೇಕು, ಇಲ್ಲದಿದ್ದರೆ ಮುಂದಿನ ಹಾದಿ ಶುಭವಲ್ಲ ಎಂಬ ನಂಬಿಕೆ. ಬಣ್ಣ, ಕುಂಚ ಊರಿನಲ್ಲೇ ಸಿಗುತ್ತವೆ. ಹಳೆಯ ಚಿತ್ರದ ಮೇಲೆ ಬರೆಯುವ ಮುನ್ನ ಅದು ನಿಜವಾಗಿ ಮಾಸಿದೆಯೇ ಎಂದು ನೋಡುವ ಸೌಜನ್ಯವಿರಲಿ.

ಹೊರಡುವಾಗಲೂ ಕಚೇರಿಗೆ ಹೋಗಬೇಕು. ಬಾಕಿ ಕಟ್ಟಿ, ನಿರ್ಗಮನ ಪತ್ರ ಪಡೆಯಬೇಕು. ಸುಮಾರು 1,200 ಮೈಲಿ ದೂರದ ಇಂಗ್ಲೆಂಡಿನ ಫಾಲ್ಮತ್‌ಗೆ ಹೋಗುವವರು ಷೆಂಗೆನ್ ಬಿಟ್ಟು ಹೋಗುತ್ತಿದ್ದಾರೆ, ಅವರ ನಿರ್ಗಮನ ದಾಖಲಾಗಲೇಬೇಕು, ಇಲ್ಲವಾದರೆ 90 ದಿನಗಳ ಎಣಿಕೆ ನಿಲ್ಲುವುದಿಲ್ಲ. ಲಿಸ್ಬನ್ ಕಡೆ ಹೊರಟವರಿಗೆ ಅದು ಬೇಡ. ಅವರಿಗೆ ಬೇಕಾದದ್ದು ಓರ್ಕಾ ಎಂಬ ಕಪ್ಪುಬಿಳುಪು ಕಡಲಪ್ರಾಣಿಗಳ ಸುದ್ದಿ. 2020ರಿಂದ ಐಬೀರಿಯಾ ತೀರದಲ್ಲಿ ಈ ಪ್ರಾಣಿಗಳು ಹಾಯಿದೋಣಿಗಳ ಚುಕ್ಕಾಣಿಗೆ ಬಡಿದು ಮುರಿಯುತ್ತಿವೆ, ಕೆಲವು ದೋಣಿಗಳು ಮುಳುಗಿಯೂ ಇವೆ. ಅವು ಇತ್ತೀಚೆಗೆ ಎಲ್ಲಿ ಕಂಡವು ಎಂಬ ನಕ್ಷೆಯನ್ನು ಹೊರಡುವ ದಿನವೇ ನೋಡಬೇಕು. ಎದುರಾದರೆ ಏನು ಮಾಡಬೇಕೆಂಬ ಅಧಿಕಾರಿಗಳ ಸೂಚನೆಯನ್ನು ಓದಿಕೊಂಡು, ತುರ್ತಿಗೆ ಚುಕ್ಕಾಣಿಯಾಗಿ ಬಳಸಬಹುದಾದ ಹಲಗೆ, ಹಗ್ಗಗಳನ್ನು ಹೋರ್ಟಾದಲ್ಲೇ ಹೊಂದಿಸಿಕೊಂಡು ಹೊರಡಬೇಕು.